ಸಾಕುಮೊಲದ ಕಾಯಿಲೆ ಮತ್ತು ‘ನಾಜೂಕು ಪ್ರಾಣಿ’ ಎಂಬ ನಂಬಿಕೆ

ಸಾಕುಮೊಲಗಳನ್ನು ಕಾಡುವ ಕಾಯಿಲೆಗಳಲ್ಲಿ ಬಹುಪಾಲು ಮೂರು ಕಡೆಯಿಂದ ಬರುತ್ತವೆ. ಒಗ್ಗದ ಮೇವು ಒಂದು, ಕೊಳಕಾದ ಅಥವಾ ಕಾದ ಗೂಡು ಇನ್ನೊಂದು, ಮೈಮೇಲೆ ಇಲ್ಲವೆ ಹೊಟ್ಟೆಯೊಳಗೆ ಬೆಳೆಯುವ ಪರೋಪಜೀವಿಗಳು ಮತ್ತೊಂದು. ಮೂರನ್ನೂ ಬಹುಮಟ್ಟಿಗೆ ತಡೆಯಬಹುದು, ಹೊತ್ತಿಗೆ ಸರಿಯಾಗಿ ಗೊತ್ತಾದರೆ ಗುಣಪಡಿಸಲೂಬಹುದು. ಆದರೆ ಹಾಸನದಲ್ಲಾಗಲಿ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಾಗಲಿ, ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರಾಮನಾಥಪುರದಲ್ಲಾಗಲಿ, ಮನೆಯ ಮೊಲ ಸತ್ತಾಗ ಕಾರಣ ಹುಡುಕುವುದಕ್ಕಿಂತ ಮೊದಲು ಒಂದು ಸಮಾಧಾನದ ಮಾತು ಬಂದುಬಿಡುತ್ತದೆ: ಮೊಲ ನಾಜೂಕು ಪ್ರಾಣಿ, ಅದರ ಆಯಸ್ಸೇ ಅಷ್ಟು. ಈ ಮಾತಿನೊಳಗೆ ಮೂರು ಹೇಳಿಕೆಗಳು ಅಡಗಿವೆ. ಮೊಲ ಮುನ್ಸೂಚನೆ ಕೊಡದೆ ಇದ್ದಕ್ಕಿದ್ದಂತೆ ಸಾಯುತ್ತದೆ ಎಂಬುದು ಮೊದಲನೆಯದು. ಔಷಧ ಅದರ ಮೈಗೆ ಆಗುವುದಿಲ್ಲ ಎಂಬುದು ಎರಡನೆಯದು. ಆದ್ದರಿಂದ ಚಿಕಿತ್ಸೆಗೆ ಓಡಾಡುವುದು ವ್ಯರ್ಥ ಎಂಬುದು ಮೂರನೆಯದು. ಮೊದಲೆರಡು ನಿಜವಾದರೆ ಮೂರನೆಯದು ತಾನಾಗಿ ಬರುತ್ತದೆ. ಹಾಗಾಗಿ ಮೊದಲೆರಡನ್ನೇ ಪರೀಕ್ಷಿಸಬೇಕು.

ಈ ನಂಬಿಕೆಗೆ ಬುಡವೇ ಇಲ್ಲವೆನ್ನುವುದು ನ್ಯಾಯವಲ್ಲ. ತಲೆತಲಾಂತರದಿಂದ ದನ, ಎಮ್ಮೆ, ಕುರಿ, ಮೇಕೆ ಸಾಕಿಬಂದ ಸೀಮೆಯ ಜನರ ಕಣ್ಣು ಚುರುಕಾದದ್ದು. ಹಸು ಮೆಲುಕು ಹಾಕುವುದನ್ನು ನಿಲ್ಲಿಸಿದರೆ, ಅದರ ಮೂತಿ ಒಣಗಿದರೆ, ಕೊಟ್ಟಿಗೆಗೆ ಹೋದವರಿಗೆ ಕೂಡಲೆ ತಿಳಿಯುತ್ತದೆ. ಅದೇ ಜನ, ರಾತ್ರಿ ನೆಟ್ಟಗಿದ್ದ ಮೊಲ ಬೆಳಗಾಗುವಷ್ಟರಲ್ಲಿ ಸೆಟೆದು ಬಿದ್ದಿರುವುದನ್ನು ನೋಡಿದ್ದಾರೆ. ಮಕ್ಕಳಿಗೆ ಕೊಡುವ ಸಿರಪ್ಪನ್ನು ಹನಿಯಷ್ಟು ಕುಡಿಸಿದ ಮೊಲ ನಾಲ್ಕೈದು ದಿನದಲ್ಲಿ ಭೇದಿ ಹತ್ತಿ ಸತ್ತದ್ದನ್ನು ನೋಡಿದ್ದಾರೆ. ನಾಯಿಗೆ ಹೊಡೆಯುವ ಚಿಗಟದ ಔಷಧವನ್ನು ಮೊಲಕ್ಕೂ ಹೊಡೆದು ಕಳೆದುಕೊಂಡಿದ್ದಾರೆ. ಕಂಡದ್ದು ಸುಳ್ಳಲ್ಲ. ಕಂಡದ್ದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಬೇರೆ ಬೇರೆ ಕಾರಣಗಳಿಂದಾದ ಸಾವುಗಳನ್ನೆಲ್ಲ ಒಟ್ಟುಗೂಡಿಸಿ, ಅವಕ್ಕೆಲ್ಲ ‘ನಾಜೂಕು’ ಎಂಬ ಒಂದೇ ಕಾರಣ ಕೊಟ್ಟದ್ದು ಈ ಗೊಂದಲದ ಮೂಲ. ಮೊಲದ ಮೈಯಲ್ಲಿ ನಾಜೂಕುತನ ಎಂಬ ಗುಣವೊಂದು ಇದ್ದು ಅದು ಸಾವಿಗೆ ಕಾರಣವಾಗುತ್ತದೆ ಎಂದು ಹೇಳುವುದರಿಂದ, ಮೊಲ ಸಾಯುತ್ತದೆ ಎಂಬ ಸಂಗತಿಯನ್ನೇ ಇನ್ನೊಮ್ಮೆ ಹೇಳಿದಂತಾಗುತ್ತದೆಯೇ ಹೊರತು ವಿವರಣೆ ಸಿಕ್ಕುವುದಿಲ್ಲ.

ನಂಬಿಕೆಗೆ ಒದಗುವ ಸಾಕ್ಷ್ಯದಲ್ಲೇ ಒಂದು ಬೆರಕೆಯಿದೆ. ರಾಗಿ ಕೊಯ್ಯುವಾಗ, ಹೊಲದ ಬದು ಸವರುವಾಗ ಸಿಕ್ಕ ಕಾಡುಮೊಲದ ಮರಿಗಳನ್ನು ಮನೆಗೆ ತಂದು ಹಾಲು ಕುಡಿಸಿ ಸಾಕಲು ಹೋದವರಿದ್ದಾರೆ. ಅಂಥ ಮರಿಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಆದರೆ ನಮ್ಮ ಹೊಲಗಳ ಕಾಡುಮೊಲ ಬೇರೆಯೇ ಜಾತಿ. ಅದರ ಮರಿ ಕಣ್ಣು ತೆರೆದುಕೊಂಡೇ, ಮೈತುಂಬ ಕೂದಲಿನೊಂದಿಗೆ, ಬಯಲಲ್ಲೇ ಹುಟ್ಟುತ್ತದೆ. ಅಂಗಡಿಯಿಂದ ತರುವ ಬಿಳಿ, ಬೂದು, ಕಪ್ಪು ಮೊಲಗಳ ಪೂರ್ವಜರು ಯೂರೋಪಿನ ಐಬೀರಿಯಾ ಪರ್ಯಾಯದ್ವೀಪದವು. ಬಿಲದಲ್ಲಿ ಬಾಳುವ ಅವುಗಳ ಮರಿ ಕುರುಡಾಗಿ, ಬೋಳು ಮೈಯಲ್ಲಿ, ಗೂಡಿನೊಳಗೆ ಹುಟ್ಟುತ್ತದೆ. ಇವೆರಡೂ ಕೂಡಿ ಮರಿ ಹಾಕುವುದೂ ಇಲ್ಲ. ಕಾಡುಮೊಲ ಮನುಷ್ಯರ ಕೈಯಲ್ಲಿ ಬೆದರಿ, ಹಸುವಿನ ಹಾಲು ಒಗ್ಗದೆ ಸಾಯುವುದನ್ನು ನೋಡಿ ಸಾಕುಮೊಲದ ಬಗ್ಗೆ ತೀರ್ಪು ಕೊಡಲಾಗದು. ಅಲ್ಲದೆ, ಕಾಡುಮೊಲವನ್ನು ಹಿಡಿಯುವುದಾಗಲಿ ಸಾಕುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಾಕುಮೊಲವಾದರೋ ಸರಿಯಾದ ಆರೈಕೆಯಲ್ಲಿ ಎಂಟು ಹತ್ತು ವರ್ಷ ಬದುಕುತ್ತದೆ. ಇದು ಅಲ್ಪಾಯುಷಿಯ ಲಕ್ಷಣವಲ್ಲ.

ಈಗ ‘ಇದ್ದಕ್ಕಿದ್ದಂತೆ’ ಎಂಬ ಮಾತು. ಬೇಟೆಗೆ ಈಡಾಗುವ ಪ್ರಾಣಿಗಳಲ್ಲಿ ನೋವನ್ನು ಹೊರಗೆ ತೋರಿದ್ದು ಮೊದಲು ಹದ್ದಿನ, ನರಿಯ ಬಾಯಿಗೆ ಬೀಳುತ್ತದೆ. ಹಾಗಾಗಿ ಮೊಲ ನೋವನ್ನು ನುಂಗಿಕೊಳ್ಳುತ್ತದೆ. ನಾಯಿ ಕುಂಯ್ಗುಟ್ಟುತ್ತದೆ, ಹಸು ನರಳುತ್ತದೆ, ಮೊಲ ಮೂಲೆಯಲ್ಲಿ ಮುದುಡಿ ಕೂರುತ್ತದೆ, ಅಷ್ಟೆ. ಆದರೆ ಸೂಚನೆ ಇಲ್ಲವೆಂದಲ್ಲ, ನೋಡುವ ಜಾಗ ಬೇರೆ. ಆರೋಗ್ಯವಾದ ಮೊಲ ದಿನಕ್ಕೆ ನೂರಕ್ಕೂ ಹೆಚ್ಚು ಹಿಕ್ಕೆ ಹಾಕುತ್ತದೆ. ಅವು ದುಂಡಗೆ, ಒಂದೇ ಗಾತ್ರದಲ್ಲಿ, ಒಡೆದರೆ ಒಳಗೆ ಹುಲ್ಲಿನ ನಾರು ಕಾಣುವಂತೆ ಇರುತ್ತವೆ. ಹಿಕ್ಕೆ ಸಣ್ಣದಾಗುವುದು, ಎಣಿಕೆಯಲ್ಲಿ ಇಳಿಯುವುದು, ಕೂದಲಿನ ಎಳೆಯಲ್ಲಿ ಸರದಂತೆ ಪೋಣಿಸಿಕೊಂಡು ಬರುವುದು, ಇವು ಸಾವಿಗೆ ಒಂದೆರಡು ದಿನ ಮೊದಲೇ ಕಾಣುವ ಗುರುತುಗಳು. ದಿನವೂ ನುಗ್ಗಿ ತಿನ್ನುವ ಸೊಪ್ಪನ್ನು ಮೂಸಿ ಬಿಡುವುದು, ಹಲ್ಲು ಕಡಿಯುವುದು, ಮೂಗು ಒರೆಸಿ ಒರೆಸಿ ಮುಂಗಾಲಿನ ಕೂದಲು ಅಂಟಂಟಾಗುವುದು, ಗದ್ದದ ಕೆಳಗೆ ಜೊಲ್ಲಿನಿಂದ ಒದ್ದೆಯಾಗುವುದು, ವಾರಕ್ಕೊಮ್ಮೆ ತೂಗಿದರೆ ತೂಕ ಇಳಿದಿರುವುದು, ಇವೂ ಅಷ್ಟೇ ಸ್ಪಷ್ಟ. ಮೊಲ ಸಂಜೆ ಮತ್ತು ನಸುಕಿನಲ್ಲಿ ಹೆಚ್ಚು ಚಟುವಟಿಕೆಯಿಂದಿದ್ದು ಹಗಲೆಲ್ಲ ತೂಕಡಿಸುವ ಪ್ರಾಣಿಯಾದ್ದರಿಂದ, ಹಗಲಲ್ಲಿ ಒಮ್ಮೆ ನೋಡಿಬಂದವರಿಗೆ ಮಂಕಾದ ಮೊಲಕ್ಕೂ ನಿದ್ದೆಯ ಮೊಲಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಗೆಂದು ಎಲ್ಲ ಸಾವುಗಳೂ ನಿಧಾನದವೆನ್ನಲಾಗದು. ತಗಡಿನ ಮಾಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನದ ಶಾಖಕ್ಕೆ ಸಿಕ್ಕ ಮೊಲ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಹಾಲು ಬಿಟ್ಟ ಹೊಸತರ ಮರಿ ಕರುಳಿನ ಸೋಂಕಿನಿಂದ ಒಂದೇ ರಾತ್ರಿಯಲ್ಲಿ ಹೋಗಬಹುದು. ಈ ಆಕ್ಷೇಪವನ್ನು ಒಪ್ಪಲೇಬೇಕು. ಆದರೆ ಶಾಖದ ಸಾವು ಗೂಡಿನ ದೋಷ. ಅದನ್ನು ಮೊಲದ ಹಣೆಬರಹಕ್ಕೆ ಸೇರಿಸುವುದು ಸಲ್ಲದು.

ಹೆಚ್ಚಿನ ಸಾವುಗಳ ನಿಜವಾದ ಮೂಲ ಮೊಲದ ಹೊಟ್ಟೆ. ಹಸು, ಮೇಕೆಗಳು ಮೇವನ್ನು ಮೊದಲು ಹುಳಿಸಿ, ಮೆಲುಕು ಹಾಕಿ, ಆಮೇಲೆ ಜೀರ್ಣಿಸಿಕೊಳ್ಳುತ್ತವೆ. ಮೊಲದಲ್ಲಿ ಈ ಹುಳಿಸುವ ಕೆಲಸ ನಡೆಯುವುದು ಹಿಂಭಾಗದ ಕುರುಡುಗರುಳಿನಲ್ಲಿ. ಹೊಟ್ಟೆಯೊಳಗಿನ ಅಂಗಗಳಲ್ಲೆಲ್ಲ ದೊಡ್ಡದು ಅದೇ. ಅಲ್ಲಿನ ಸೂಕ್ಷ್ಮಜೀವಿಗಳು ತಯಾರಿಸಿದ ಪೋಷಕಾಂಶವನ್ನು ಮೊಲ ಮೆತ್ತನೆಯ, ಲೋಳೆ ಹೊದ್ದ, ದ್ರಾಕ್ಷಿ ಗೊಂಚಲಿನ ಆಕಾರದ ಹಿಕ್ಕೆಯಾಗಿ ಹೊರಹಾಕಿ, ನೆಲಕ್ಕೆ ಬೀಳುವ ಮೊದಲೇ ಬಾಯಿ ಹಾಕಿ ನುಂಗುತ್ತದೆ. ಇದನ್ನು ಕಂಡು ಮೊಲಕ್ಕೆ ಏನೋ ಕೊರತೆಯೆಂದು, ರೋಗವೆಂದು ತಿಳಿಯುವುದುಂಟು. ಇದು ಅದರ ಸಹಜ ಊಟದ ಭಾಗ, ಇದನ್ನು ತಡೆದರೆ ಪ್ರೋಟೀನು ಮತ್ತು ಬಿ ಜೀವಸತ್ವಗಳು ಕೈತಪ್ಪುತ್ತವೆ. ಈ ಇಡೀ ಯಂತ್ರ ನಡೆಯಬೇಕಾದರೆ ಉದ್ದ ನಾರಿನ ಹುಲ್ಲು ಬಿಡುವಿಲ್ಲದೆ ಒಳಗೆ ಹೋಗುತ್ತಿರಬೇಕು. ಹುಲ್ಲು ಕಡಿಮೆಯಾಗಿ ಅನ್ನ, ಬಿಸ್ಕತ್ತು, ಬ್ರೆಡ್ಡು, ದನದ ಹಿಂಡಿ, ಕೋಳಿಯ ಫೀಡು ಹೆಚ್ಚಾದರೆ ಕರುಳಿನ ಚಲನೆ ಕುಗ್ಗುತ್ತದೆ, ಕುರುಡುಗರುಳಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ಗಾಳಿ ತುಂಬುತ್ತದೆ, ನೋವಿಗೆ ಮೊಲ ತಿನ್ನುವುದನ್ನು ಬಿಡುತ್ತದೆ, ತಿನ್ನದ್ದರಿಂದ ಕರುಳು ಇನ್ನೂ ನಿಧಾನವಾಗುತ್ತದೆ. ಮೊಲಕ್ಕೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲವಾದ್ದರಿಂದ ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಹನ್ನೆರಡು ಗಂಟೆ ಮೇವು ಮುಟ್ಟದ, ಹಿಕ್ಕೆ ಹಾಕದ ಮೊಲಕ್ಕೆ ತುರ್ತು ಚಿಕಿತ್ಸೆ ಬೇಕು. ವೈದ್ಯರು ಇಲ್ಲಿ ನೀರಿನಂಶ ತುಂಬುತ್ತಾರೆ, ಮೈ ಬೆಚ್ಚಗಿಡುತ್ತಾರೆ, ಮೆಲಾಕ್ಸಿಕಾಂನಂಥ ನೋವುನಿವಾರಕ ಕೊಡುತ್ತಾರೆ, ಕರುಳು ಎಲ್ಲೂ ಕಟ್ಟಿಕೊಂಡಿಲ್ಲವೆಂದು ಖಚಿತವಾದ ಮೇಲೆ ನಾರಿನ ಗಂಜಿಯನ್ನು ಸಿರಿಂಜಿನಿಂದ ತಿನ್ನಿಸುತ್ತಾರೆ. ಹೊಟ್ಟೆ ನಗಾರಿಯಂತೆ ಬಿಗಿದಿದ್ದರೆ ಮನೆಯಲ್ಲಿ ಬಲವಂತವಾಗಿ ತಿನ್ನಿಸುವುದು ಅಪಾಯ.

ಹಲ್ಲಿನ ಕಾಯಿಲೆಯೂ ಇದೇ ಹುಲ್ಲಿನ ಕೊರತೆಯ ಇನ್ನೊಂದು ಮುಖ. ಮೊಲದ 28 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ, ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಹುಲ್ಲನ್ನು ಅಡ್ಡಡ್ಡ ಅರೆದಾಗ ಮಾತ್ರ ದವಡೆ ಹಲ್ಲು ಸವೆಯುತ್ತದೆ. ಕ್ಯಾರೆಟ್, ಎಲೆಕೋಸುಗಳಿಂದ ಆ ಅರೆತ ಆಗುವುದಿಲ್ಲ. ಮೊಲಕ್ಕೆ ಕ್ಯಾರೆಟ್ಟೇ ಊಟ ಎಂಬ ಕಲ್ಪನೆ ಚಿತ್ರಪುಸ್ತಕಗಳಿಂದ ಬಂದದ್ದು. ಅದರಲ್ಲಿ ಸಕ್ಕರೆ ಹೆಚ್ಚು, ಒಂದು ತುಂಡು ಸಾಕು. ಅರಕಲಗೂಡು, ಹೊಳೆನರಸೀಪುರದ ಕಡೆ ರಾಗಿ ಹುಲ್ಲಿಗೆ ಬರವಿಲ್ಲ. ಒಣಗಿದ, ಬೂಸ್ಟು ಹಿಡಿಯದ ರಾಗಿ ಹುಲ್ಲು, ಗರಿಕೆ, ಬದುವಿನ ಹಸಿ ಹುಲ್ಲು ಇವೇ ಮೇವಿನ ಮುಕ್ಕಾಲು ಪಾಲಿಗಿಂತ ಹೆಚ್ಚಿರಬೇಕು. ಹೊರಗಿನಿಂದ ತರಿಸುವ ದುಬಾರಿ ಹುಲ್ಲಿನ ಪೊಟ್ಟಣ ಇಲ್ಲಿ ಅನಿವಾರ್ಯವಲ್ಲ. ಆದರೆ ಹುಲ್ಲು ಎಲ್ಲಿಯದು ಎಂಬುದು ಮುಖ್ಯ. ರಾಮನಾಥಪುರ ತಂಬಾಕಿನ ಸೀಮೆ, ತಂಬಾಕು ಮಂಡಳಿಯ ಹರಾಜು ಕಟ್ಟೆಯೂ ಅಲ್ಲಿದೆ. ಹಾಸನ ಜಿಲ್ಲೆ ಆಲೂಗಡ್ಡೆಗೂ ಹೆಸರಾದದ್ದು. ಅಂಗಮಾರಿಗೆ ಔಷಧ ಹೊಡೆದ ಆಲೂಗಡ್ಡೆ ಹೊಲದ ಬದು, ಕೀಟನಾಶಕ ಬಿದ್ದ ತಂಬಾಕಿನ ಸಾಲು, ಇಲ್ಲಿಂದ ಕೊಯ್ದ ಹುಲ್ಲು ಮೊಲಕ್ಕೆ ಸಲ್ಲದು. ಆಲೂಗಡ್ಡೆ ಗಿಡದ ಸೊಪ್ಪು, ತಂಬಾಕಿನ ಎಲೆ ಸ್ವತಃ ವಿಷ.

ಮೊಲಕ್ಕೆ ನೀರು ಕೊಡಬಾರದು, ಕೊಟ್ಟರೆ ಭೇದಿಯಾಗಿ ಸಾಯುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಅದಕ್ಕೂ ಒಂದು ಹಿನ್ನೆಲೆಯಿದೆ. ಕಾಡುಮೊಲ ಎಳೆಹುಲ್ಲಿನ ನೀರಿನಂಶದಲ್ಲೇ ಬದುಕುವುದನ್ನು ಜನ ನೋಡಿದ್ದಾರೆ. ರಾಶಿ ಹಾಕಿ ಬಿಸಿಯಾಗಿ ಹುಳಿತ ಒದ್ದೆ ಸೊಪ್ಪು ತಿಂದ ಮೊಲಕ್ಕೆ ಭೇದಿಯಾದದ್ದನ್ನೂ ನೋಡಿದ್ದಾರೆ. ಅಲ್ಲಿ ತಪ್ಪು ಹುಳಿತ ಮತ್ತು ಒಮ್ಮೆಲೆ ಬದಲಾದ ಮೇವಿನದು, ನೀರಿನದಲ್ಲ. ಒಣಹುಲ್ಲು ತಿನ್ನುವ ಎರಡು ಕಿಲೋ ಮೊಲಕ್ಕೆ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನೀರಿಲ್ಲದ ಮೊಲ ಹುಲ್ಲನ್ನೂ ಬಿಡುತ್ತದೆ, ಕರುಳಿನೊಳಗಿನದು ಗಟ್ಟಿಯಾಗುತ್ತದೆ, ಮೂತ್ರದಲ್ಲಿ ಹೊರಹೋಗಬೇಕಾದ ಸುಣ್ಣದಂಶ ಮೂತ್ರಕೋಶದಲ್ಲೇ ಕೆಸರಾಗಿ ನಿಲ್ಲುತ್ತದೆ. ಕೆಲವೊಮ್ಮೆ ಮೂತ್ರ ಕೆಂಪಾಗುವುದು ಬಹುಪಾಲು ಮೇವಿನ ಬಣ್ಣ. ಆದರೆ ಮೂರು ನಾಲ್ಕು ವರ್ಷ ದಾಟಿದ ಹೆಣ್ಣು ಮೊಲದಲ್ಲಿ ರಕ್ತವೇ ಕಂಡರೆ ಗರ್ಭಕೋಶದ ಗಡ್ಡೆಯನ್ನು ಅನುಮಾನಿಸಬೇಕು.

ಎರಡನೆಯ ಹೇಳಿಕೆ, ಔಷಧ ಮೊಲದ ಮೈಗೆ ಆಗುವುದಿಲ್ಲ ಎಂಬುದು. ಇದನ್ನು ಅಲುಗಿಸಲು ಒಂದೇ ಸಂಗತಿ ಸಾಕು. ದನಗಳ ಮೈಹುಳು, ಒಳಹುಳುಗಳಿಗೆ ಚುಚ್ಚುವ ಐವರ್ಮೆಕ್ಟಿನ್ ದನಕ್ಕೆ ಕಿಲೋಗ್ರಾಂ ತೂಕಕ್ಕೆ 0.2 ಮಿಲಿಗ್ರಾಂ. ಮೊಲದ ಕಜ್ಜಿಗೆ ಅದೇ ಔಷಧವನ್ನು ಕಿಲೋಗ್ರಾಂಗೆ 0.2ರಿಂದ 0.4 ಮಿಲಿಗ್ರಾಂವರೆಗೆ ಕೊಡುವುದು ರೂಢಿ. ಅಂದರೆ ತೂಕಕ್ಕೆ ತೂಕ ಹೋಲಿಸಿದರೆ ‘ನಾಜೂಕು’ ಮೊಲ ಎತ್ತಿನಷ್ಟೇ, ಕೆಲವೊಮ್ಮೆ ಎತ್ತಿಗಿಂತ ಹೆಚ್ಚು ಔಷಧ ತಡೆದುಕೊಳ್ಳುತ್ತದೆ. ಕೆಲವು ಮೊಲಗಳ ಮೈಯಲ್ಲಿ ಅಟ್ರೋಪಿನ್ ವಿಷವನ್ನು ಒಡೆಯುವ ಕಿಣ್ವವಿದೆ. ಮನುಷ್ಯನಿಗೆ ಮಾರಕವಾದ ಬೆಲಡೋನಾ ಎಲೆಯನ್ನು ಅವು ತಿಂದು ಅರಗಿಸಿಕೊಳ್ಳಬಲ್ಲವು. ಇದರಿಂದ ಒಂದು ಕಷ್ಟವೂ ಹುಟ್ಟುತ್ತದೆ. ಕೀಟನಾಶಕ ತಿಂದ ಮೊಲಕ್ಕೆ ಪ್ರತಿವಿಷವಾಗಿ ಅಟ್ರೋಪಿನ್ ಕೊಟ್ಟರೆ ಅದರ ಪರಿಣಾಮ ಬೇಗ ಇಳಿದುಹೋಗುತ್ತದೆ. ಮೊಲದ ಮೈ ಕೆಲವು ಔಷಧಗಳನ್ನು ಸುಲಭವಾಗಿ ತಾಳುತ್ತದೆ, ಕೆಲವನ್ನು ತಾಳದು. ಅದು ಬೇರೆ ರೀತಿಯ ಮೈ, ದುರ್ಬಲ ಮೈಯಲ್ಲ.

ಹಾಗಾದರೆ ಔಷಧ ಕುಡಿಸಿದ ಮೊಲಗಳು ಸತ್ತದ್ದೇಕೆ? ಮೂರು ಕಾರಣಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಎರಿತ್ರೋಮೈಸಿನ್‌ಗಳನ್ನು ಬಾಯಿಯ ಮೂಲಕ ಕೊಡುವುದು. ಇವು ಕುರುಡುಗರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ಕ್ಲಾಸ್ಟ್ರಿಡಿಯಂ ಜಾತಿಯ ವಿಷಕಾರಿ ಬ್ಯಾಕ್ಟೀರಿಯಾಗೆ ಜಾಗ ಬಿಟ್ಟುಕೊಡುತ್ತವೆ. ಮೊಲದ ನೆಗಡಿಗೆ ಮನೆಯಲ್ಲಿ ಉಳಿದಿದ್ದ ಮಗುವಿನ ಸಿರಪ್ ಕುಡಿಸಿದಾಗ ಆಗುವುದು ಇದೇ. ಅದೇ ನೆಗಡಿಗೆ, ಅದು ಸಾಮಾನ್ಯವಾಗಿ ಪಾಶ್ಚುರೆಲ್ಲಾ ಸೋಂಕು, ವೈದ್ಯರು ಎನ್ರೋಫ್ಲಾಕ್ಸಾಸಿನ್‌ನಂಥ ಒಗ್ಗುವ ಔಷಧ ಆರಿಸುತ್ತಾರೆ. ಎರಡನೆಯದು ಫಿಪ್ರೋನಿಲ್. ನಾಯಿಗಳ ಚಿಗಟ, ಉಣ್ಣೆಗೆ ಧಾರಾಳವಾಗಿ ಸಿಗುವ ಈ ಸ್ಪ್ರೇ ಮೊಲಕ್ಕೆ ವಿಷ, ಸೆಳವು ಬಂದು ಸಾಯುತ್ತದೆ. ಮೂರನೆಯದು ಅಳತೆಯ ತಪ್ಪು. ದನದ ಐವರ್ಮೆಕ್ಟಿನ್ ಬಾಟಲಿಯಲ್ಲಿ ಮಿಲಿಲೀಟರಿಗೆ 10 ಮಿಲಿಗ್ರಾಂ ಔಷಧವಿರುತ್ತದೆ. ಎರಡು ಕಿಲೋ ಮೊಲಕ್ಕೆ ಬೇಕಾದದ್ದು 0.4ರಿಂದ 0.8 ಮಿಲಿಗ್ರಾಂ, ಅಂದರೆ ಸಿರಿಂಜಿನಲ್ಲಿ 0.04ರಿಂದ 0.08 ಮಿಲಿಲೀಟರ್. ‘ಸಣ್ಣ ಪ್ರಾಣಿ, ಅರ್ಧ ಎಂ.ಎಲ್. ಸಾಕು’ ಎಂದು ಚುಚ್ಚಿದರೆ ಒಳಗೆ ಹೋಗುವುದು 5 ಮಿಲಿಗ್ರಾಂ, ಬೇಕಾದದ್ದಕ್ಕಿಂತ ಆರರಿಂದ ಹನ್ನೆರಡು ಪಟ್ಟು. ಕಡಿಮೆಯೆಂದು ತೋರಿದ್ದೇ ಇಲ್ಲಿ ವಿಪರೀತ. ಈ ಮೂರೂ ಸಾವುಗಳು ಔಷಧ ಮೊಲಕ್ಕೆ ಆಗದು ಎಂಬುದಕ್ಕೆ ಪುರಾವೆಯಾಗುವುದಿಲ್ಲ. ಬೇರೆ ಪ್ರಾಣಿಯ ಔಷಧ, ಬೇರೆ ಪ್ರಾಣಿಯ ಅಳತೆ ಆಗದು ಎಂಬುದಕ್ಕಷ್ಟೇ ಪುರಾವೆ.

ನಾಜೂಕಿನ ನಂಬಿಕೆಯ ಜೊತೆಗೇ ಅದಕ್ಕೆ ಎದುರಾದ ಇನ್ನೊಂದು ನಂಬಿಕೆ ಬಾಳುತ್ತಿದೆ: ಮೊಲ ಸೊರಗಿದರೆ, ಕೂದಲು ಉದುರಿದರೆ, ಕೆರೆದುಕೊಂಡರೆ ಎಲ್ಲಕ್ಕೂ ‘ಹುಳ’ವೇ ಕಾರಣ, ತಿಂಗಳಿಗೊಮ್ಮೆ ಜಂತುಹುಳುವಿನ ಔಷಧ ಹಾಕಿದರೆ ಮುಗಿಯಿತು. ಒಂದು ಏನೂ ಮಾಡಬೇಡ ಎನ್ನುತ್ತದೆ, ಇನ್ನೊಂದು ಒಂದೇ ಕೆಲಸವನ್ನು ಮಾಡುತ್ತಿರು ಎನ್ನುತ್ತದೆ. ಕಾರಣ ಯಾವುದೆಂದು ಕೇಳದಿರುವುದರಲ್ಲಿ ಎರಡೂ ಸಮ. ಪರೋಪಜೀವಿಗಳಲ್ಲಿ ಒಂದಕ್ಕಾಗುವ ಔಷಧ ಇನ್ನೊಂದಕ್ಕಾಗದು. ಮೊದಲು ಚರ್ಮದವುಗಳನ್ನು ನೋಡಬಹುದು. ಕಿವಿಯೊಳಗೆ ಪದರ ಪದರವಾಗಿ ಕಂದು ಹೊಪ್ಪಳೆ ಕಟ್ಟಿ ಮೊಲ ತಲೆ ಕೊಡವುತ್ತಿದ್ದರೆ ಅದು ಸೋರಾಪ್ಟಿಸ್ ಎಂಬ ನುಸಿ. ಮೂಗಿನ ತುದಿ, ತುಟಿ, ಕಿವಿಯಂಚು, ಉಗುರಿನ ಬುಡದಲ್ಲಿ ಬೂದಿ ಬಣ್ಣದ ದಪ್ಪ ಕಜ್ಜಿ ಕಂಡರೆ ಚರ್ಮದೊಳಗೆ ಸುರಂಗ ಕೊರೆಯುವ ಸಾರ್ಕಾಪ್ಟಿಸ್ ಅಥವಾ ನೋಟೋಯಿಡ್ರಿಸ್ ನುಸಿ. ಬೆನ್ನಿನ ಮೇಲೆ ತಲೆಹೊಟ್ಟಿನಂತೆ ಬಿಳಿ ಪುಡಿ ಉದುರಿ, ದಿಟ್ಟಿಸಿ ನೋಡಿದರೆ ಆ ಪುಡಿ ನಡೆದಾಡುತ್ತಿದ್ದರೆ ಶೈಲೆಟಿಯೆಲ್ಲಾ. ದುಂಡಗೆ ಕೂದಲುದುರಿ ಅಂಚು ಕೆಂಪಾದರೆ ಅದು ನುಸಿಯಲ್ಲ, ಹುಳುಕಡ್ಡಿ ಶಿಲೀಂಧ್ರ. ಅದಕ್ಕೆ ಐವರ್ಮೆಕ್ಟಿನ್ ಏನೂ ಮಾಡದು. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಸಿ ಇದೆಯೋ ಇಲ್ಲವೋ ಬಹಳ ಸಲ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ನುಸಿಯ ಮೊಟ್ಟೆಗಳನ್ನು ಐವರ್ಮೆಕ್ಟಿನ್ ಕೊಲ್ಲುವುದಿಲ್ಲವಾದ್ದರಿಂದ ಒಂದು ಸೂಜಿಯಿಂದ ಕಜ್ಜಿ ಹೋದಂತೆ ಕಂಡರೂ ಮರಿ ನುಸಿಗಳು ಹೊರಬಂದು ಮತ್ತೆ ಹಬ್ಬುತ್ತವೆ. ಹತ್ತರಿಂದ ಹದಿನಾಲ್ಕು ದಿನದ ಅಂತರದಲ್ಲಿ ಎರಡು ಮೂರು ಸಲ ಕೊಡುವುದು ಅದಕ್ಕಾಗಿ. ಕಿವಿಯ ನುಸಿ ತಂಪಾದ ತೇವದ ಜಾಗದಲ್ಲಿ ಮೊಲದ ಮೈಯಿಂದ ಹೊರಗೂ ಸುಮಾರು ಮೂರು ವಾರ ಬದುಕಬಲ್ಲದು. ಗೂಡು ತೊಳೆದು ಬಿಸಿಲಿಗಿಡದೆ, ಜೊತೆಯ ಮೊಲಗಳಿಗೂ ಔಷಧ ಕೊಡದೆ ಚಿಕಿತ್ಸೆ ಪೂರ್ಣವಾಗದು. ಕಿವಿಯ ಹೊಪ್ಪಳೆಯನ್ನು ಕಿತ್ತು ತೆಗೆಯುವುದಂತೂ ಹಿಂಸೆ. ಕೆಳಗಿನ ಚರ್ಮ ಹಸಿಯಾಗಿರುತ್ತದೆ. ಔಷಧ ಹಿಡಿದ ಮೇಲೆ ಹೊಪ್ಪಳೆ ತಾನಾಗಿ ಕಳಚಿ ಬೀಳುತ್ತದೆ.

ಮನೆಮದ್ದಿನ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಹೊಂಗೆ ಎಣ್ಣೆ, ಬೇವಿನ ಎಣ್ಣೆ ಹಚ್ಚಿ ದನದ, ನಾಯಿಯ ಕಜ್ಜಿ ವಾಸಿ ಮಾಡಿದ ಅನುಭವ ಹಳ್ಳಿಗಳಲ್ಲಿದೆ. ಅದು ಅಂಧಶ್ರದ್ಧೆಯಲ್ಲ. ಎಣ್ಣೆ ನುಸಿಯ ಉಸಿರುಗಟ್ಟಿಸುತ್ತದೆ, ಹೊಪ್ಪಳೆಯನ್ನು ಮೆತ್ತಗಾಗಿಸುತ್ತದೆ. ಐವರ್ಮೆಕ್ಟಿನ್ ಬರುವ ಮುಂಚೆ ಮೊಲದ ಕಿವಿಗೆ ಎಣ್ಣೆ ಹಾಕುವುದು ಸಾಮಾನ್ಯ ಪದ್ಧತಿಯಾಗಿತ್ತು. ಆದರೆ ಕಿವಿಯ ನುಸಿ ಬಾಲದ ಬುಡಕ್ಕೂ ಪಾದಕ್ಕೂ ಹಬ್ಬಿರಬಹುದು, ಚರ್ಮದೊಳಗಿನ ನುಸಿಗೆ ಎಣ್ಣೆ ತಲುಪುವುದೇ ಕಷ್ಟ. ಅದಕ್ಕಿಂತ ದೊಡ್ಡ ತೊಡಕು ಮೊಲದ ಸ್ವಭಾವದಲ್ಲಿದೆ. ಅದು ದಿನದ ಬಹಳ ಹೊತ್ತು ಮೈ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ, ವಾಂತಿಯಾಗಿ ಹೊರಬರುವುದೂ ಇಲ್ಲ. ದನ ತನ್ನ ಬೆನ್ನನ್ನೆಲ್ಲ ನೆಕ್ಕಲಾರದು, ಮೊಲ ನೆಕ್ಕಬಲ್ಲದು. ತಂಬಾಕಿನ ಕಷಾಯ, ಸೀಮೆಎಣ್ಣೆ, ಸುಟ್ಟ ಇಂಜಿನ್ ಆಯಿಲ್, ಸೀತಾಫಲದ ಬೀಜದ ಪುಡಿ ಇವು ಮೊಲಕ್ಕೆ ಅಪಾಯವಾಗುವುದು ಈ ಕಾರಣಕ್ಕೆ. ಅದರಲ್ಲೂ ತಂಬಾಕು ಮನೆಮನೆಯಲ್ಲಿ ಸಿಗುವ ಸೀಮೆಯಲ್ಲಿ ಎಚ್ಚರ ಹೆಚ್ಚು ಬೇಕು. ನಿಕೋಟಿನ್ ತೆಳುಚರ್ಮದ ಮೂಲಕವೂ ಒಳಗಿಳಿಯುತ್ತದೆ.

ಹೊಟ್ಟೆಯ ಪರೋಪಜೀವಿಗಳ ವಿಚಾರದಲ್ಲಿ ‘ತಿಂಗಳಿಗೊಂದು ಜಂತುನಾಶಕ’ ಎಂಬ ಸೂತ್ರ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಕಾರಣಗಳು ಹೀಗಿವೆ.

1. ಮೊಲದಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಹುಳು ಪ್ಯಾಸಲ್ಯೂರಸ್ ಎಂಬ ಬಿಳಿ ಎಳೆಯಂಥ ಪಿನ್‌ವರ್ಮ್. ಇದು ಹೆಚ್ಚಾಗಿ ನಿರುಪದ್ರವಿ, ಮಕ್ಕಳಿಗೆ ಹರಡುವುದೂ ಇಲ್ಲ. ಇದಕ್ಕೆ ಫೆನ್‌ಬೆಂಡಜೋಲ್ ಸಾಕು. ಆ ಗುಂಪಿನ ಔಷಧಗಳು ಅಪರೂಪಕ್ಕಾದರೂ ಮೂಳೆಮಜ್ಜೆಯನ್ನು ಕುಗ್ಗಿಸುವುದರಿಂದ ಕಾರಣವಿಲ್ಲದೆ ಮತ್ತೆ ಮತ್ತೆ ಕೊಡುವುದು ಸರಿಯಲ್ಲ.

2. ಮರಿಗಳನ್ನು ನಿಜವಾಗಿ ಕೊಲ್ಲುವುದು ಕಾಕ್ಸಿಡಿಯಾ. ಇದು ಹುಳುವೇ ಅಲ್ಲ, ಐಮೀರಿಯಾ ಜಾತಿಯ ಏಕಕೋಶ ಜೀವಿ. ಅದರ ಹಲವು ಬಗೆಗಳು ಕರುಳಿಗೆ, ಐಮೀರಿಯಾ ಸ್ಟೀಡೆ ಎಂಬುದು ಯಕೃತ್ತಿಗೆ ಬೀಳುತ್ತದೆ. ಹೊಟ್ಟೆ ದಪ್ಪ, ಬೆನ್ನೆಲುಬು ಚೂಪು, ಭೇದಿ ಇದರ ಲಕ್ಷಣ. ಜಂತುನಾಶಕ ಇದಕ್ಕೆ ನಾಟದು, ಸಲ್ಫಾ ಔಷಧ ಅಥವಾ ಟಾಲ್ಟ್ರಾಜುರಿಲ್ ಬೇಕು. ಕೋಳಿಯ ಕಾಕ್ಸಿಡಿಯಾ ಮೊಲಕ್ಕೆ ಬರುವುದಿಲ್ಲ, ಆದರೆ ಅದನ್ನು ತಡೆಯಲು ಕೋಳಿ ಆಹಾರದಲ್ಲಿ ಬೆರೆಸುವ ಕೆಲವು ಔಷಧಗಳು ಮೊಲಕ್ಕೆ ವಿಷ.

3. ಹಿಕ್ಕೆಯೊಂದಿಗೆ ಹೊರಬಂದ ಕಾಕ್ಸಿಡಿಯಾ ಕೂಡಲೆ ಸೋಂಕು ತರುವುದಿಲ್ಲ. ತೇವದಲ್ಲಿ, ಬೆಚ್ಚನೆಯಲ್ಲಿ ಒಂದೆರಡು ದಿನ ಬಲಿತ ಮೇಲೆ ಮಾತ್ರ ಅದಕ್ಕೆ ಆ ಶಕ್ತಿ. ಆದ್ದರಿಂದ ಪ್ರತಿದಿನ ಗೂಡು ಗುಡಿಸಿ ಒಣಗಿಸುವ ಕೆಲಸ ಔಷಧಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಮೂರು ದಿನಕ್ಕೊಮ್ಮೆ ಗುಡಿಸುವ ಗೂಡಿನಲ್ಲಿ ಔಷಧ ಹಾಕಿದ ಮರಿಗೂ ಮತ್ತೆ ಸೋಂಕು ತಗಲುತ್ತಲೇ ಇರುತ್ತದೆ.

4. ನಾಯಿಯ ಲಾಡಿಹುಳುವಿನ ಮೊಟ್ಟೆ ಹುಲ್ಲಿನ ಮೂಲಕ ಮೊಲದ ಹೊಟ್ಟೆ ಸೇರಿ, ಯಕೃತ್ತು ಮತ್ತು ಕರುಳಿನ ಪೊರೆಯ ಮೇಲೆ ನೀರುಗುಳ್ಳೆಗಳಾಗುತ್ತದೆ. ಬೀದಿನಾಯಿಗಳು ಓಡಾಡುವ ರಸ್ತೆಬದಿಯ ಹುಲ್ಲು, ಹೊಳೆದಡದ ಹುಲ್ಲು ಬಿಟ್ಟು ಬೇರೆಡೆಯ ಹುಲ್ಲು ತರುವುದು, ಮನೆಯ ನಾಯಿಗೆ ಹುಳುವಿನ ಔಷಧ ಕೊಡುವುದು ಇದಕ್ಕೆ ಪರಿಹಾರ. ಇಲ್ಲಿ ಔಷಧ ತಿನ್ನಬೇಕಾದದ್ದು ನಾಯಿ.

ಇವೆಲ್ಲಕ್ಕಿಂತ ಭೀಕರವಾದದ್ದು ಮಳೆಗಾಲದಲ್ಲಿ ‘ಹುಳ ಬೀಳುವುದು’. ಭೇದಿಯಿಂದಲೋ ಬೊಜ್ಜಿನಿಂದಲೋ ಹಿಂಭಾಗ ಕೊಳೆಯಾಗಿ ಒದ್ದೆಯಿದ್ದರೆ ಹಸಿರು ನೊಣ ಅಲ್ಲಿ ಮೊಟ್ಟೆಯಿಡುತ್ತದೆ, ಒಂದು ದಿನದೊಳಗೆ ಹುಳುಗಳು ಹೊರಬಂದು ಜೀವಂತ ಚರ್ಮವನ್ನು ತಿನ್ನತೊಡಗುತ್ತವೆ. ಹಸುವಿನ ಗಾಯಕ್ಕೆ ಟರ್ಪೆಂಟೈನ್ ಸುರಿದು ಹುಳ ಹೊರಗೆ ಬರಿಸುವಂತೆ ಮೊಲಕ್ಕೆ ಮಾಡಲಾಗದು. ಕೂದಲು ಕತ್ತರಿಸಿ, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು, ಒಂದೊಂದೇ ಹುಳುವನ್ನು ಚಿಮುಟದಿಂದ ತೆಗೆದು, ನೋವಿಗೂ ಆಘಾತಕ್ಕೂ ಚಿಕಿತ್ಸೆ ಕೊಡಬೇಕಾಗುತ್ತದೆ. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿಯಿದು. ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಕ್ಕೆರಡು ಸಲ ಮೊಲವನ್ನು ಎತ್ತಿ ಹಿಂಭಾಗ ನೋಡಿದರೆ ಇದು ಬರುವುದೇ ಅಪರೂಪ.

ಕುತ್ತಿಗೆ ಒಂದು ಕಡೆ ವಾಲಿ ಮೊಲ ಉರುಳಾಡತೊಡಗಿದರೆ ಲಕ್ವವೆಂದೋ ಗಾಳಿ ಸೋಕಿತೆಂದೋ ಕೈಬಿಡುವುದು ಸಾಮಾನ್ಯ. ಒಳಕಿವಿಯ ಸೋಂಕು ಅಥವಾ ಎನ್‌ಸೆಫಲಿಟೋಜೂನ್ ಎಂಬ, ಮೂತ್ರದ ಮೂಲಕ ಹರಡುವ ಪರೋಪಜೀವಿ ಇದಕ್ಕೆ ಮುಖ್ಯ ಕಾರಣ. ಎರಡನೆಯದಕ್ಕೆ ಫೆನ್‌ಬೆಂಡಜೋಲನ್ನು 28 ದಿನ ಕೊಡುತ್ತಾರೆ. ತಲೆ ಸ್ವಲ್ಪ ವಾಲಿದ್ದೇ ಉಳಿದರೂ ಎಷ್ಟೋ ಮೊಲಗಳು ತಿಂದುಂಡು ಬಾಳುತ್ತವೆ. ತಂತಿಬಲೆಯ ನೆಲದ ಗೂಡುಗಳಲ್ಲಿ ಹಿಮ್ಮಡಿ ಹುಣ್ಣಾಗುವುದು ಇನ್ನೊಂದು ಸಾಮಾನ್ಯ ದೂರು. ಮುಲಾಮಿಗಿಂತ ಮೊದಲು ಒಂದು ಹಲಗೆ ಹಾಸಬೇಕು. ಮನೆಮಂದಿಯ ಮಟ್ಟಿಗೆ ಹೇಳುವುದಾದರೆ ಹುಳುಕಡ್ಡಿ, ಸಾರ್ಕಾಪ್ಟಿಸ್, ಶೈಲೆಟಿಯೆಲ್ಲಾಗಳು ಮನುಷ್ಯರಿಗೂ ತುರಿಕೆ ತರಬಲ್ಲವು. ಕಜ್ಜಿಯ ಮೊಲವನ್ನು ಮಕ್ಕಳ ಮಡಿಲಿಗೆ ಕೊಡಬಾರದು.

ಕೊನೆಗೆ ಎರಡು ಆಕ್ಷೇಪಗಳು ಉಳಿಯುತ್ತವೆ. ಕೆಲವು ನೂರು ರೂಪಾಯಿಗೆ ಸಿಗುವ ಪ್ರಾಣಿಗೆ ಅದಕ್ಕಿಂತ ಹೆಚ್ಚು ಖರ್ಚು ಮಾಡುವುದು ವಿವೇಕವೇ ಎಂಬುದು ಒಂದು. ಬೆಲೆಗೂ ನೋವಿಗೂ ಸಂಬಂಧವಿಲ್ಲ ಎಂಬುದು ಇದಕ್ಕೆ ನೇರ ಉತ್ತರ. ಸಾಕಿದ ಪ್ರಾಣಿಯ ಯೋಗಕ್ಷೇಮ ನೋಡುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಸಾಕಿದವರ ಕರ್ತವ್ಯವೆಂದೇ ಹೇಳುತ್ತದೆ, ಬೆಲೆ ನೋಡಿ ಹೇಳುವುದಿಲ್ಲ. ಆ ಉತ್ತರ ಒಪ್ಪದವರಿಗೂ ಲೆಕ್ಕ ಸ್ಪಷ್ಟವಿದೆ. ಮೇಲೆ ಹೇಳಿದವುಗಳಲ್ಲಿ ಹೆಚ್ಚಿನದಕ್ಕೆ ಬೇಕಾದದ್ದು ರಾಗಿ ಹುಲ್ಲು, ನೀರು, ನೆರಳು, ಪೊರಕೆ, ತಕ್ಕಡಿ. ಖರ್ಚು ಏರುವುದು ಇವನ್ನು ಬಿಟ್ಟು ಕಾಯಿಲೆ ಬಲಿತ ಮೇಲೆ. ಎರಡನೆಯ ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಹಳ್ಳಿಗಾಡಿನ ಪಶುವೈದ್ಯರ ದಿನವೆಲ್ಲ ಹಸು, ಎಮ್ಮೆ, ಕುರಿಗಳಲ್ಲೇ ಕಳೆಯುತ್ತದೆ, ಮೊಲ ನೋಡುವ ಸಂದರ್ಭ ಕಡಿಮೆ. ಇದು ನಿಜವಾದ ಕೊರತೆ. ಆದರೆ ಚರ್ಮ ಕೆರೆದು ನೋಡುವುದು, ಹಿಕ್ಕೆ ಪರೀಕ್ಷೆ, ತೂಕಕ್ಕೆ ತಕ್ಕ ಔಷಧದ ಲೆಕ್ಕ ಇವು ಯಾವ ಪಶುವೈದ್ಯರಿಗೂ ಹೊಸತಲ್ಲ. ಕಷ್ಟದ ಪ್ರಕರಣಗಳಿಗೆ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ತುರ್ತಿನಲ್ಲಿ ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಿ ಹತ್ತಿರದ ವೈದ್ಯರ ಸಲಹೆ ಕೇಳಬಹುದು. ಮೊಲಗಳನ್ನು ಆಸ್ಪತ್ರೆಗೆ ಯಾರೂ ತರದಿದ್ದರೆ ವೈದ್ಯರಿಗೆ ಮೊಲದ ಅನುಭವ ಬೆಳೆಯುವುದೂ ಇಲ್ಲ. ಚಿಕಿತ್ಸೆ ವ್ಯರ್ಥ ಎಂಬ ನಂಬಿಕೆ ತನ್ನನ್ನು ತಾನೇ ನಿಜವಾಗಿಸಿಕೊಳ್ಳುವ ದಾರಿ ಇದು.

ಮೊಲವನ್ನು ಒಯ್ಯುವಾಗ ರಟ್ಟಿನ ಪೆಟ್ಟಿಗೆಗೆ ಗಾಳಿಯ ತೂತು ಮಾಡಿ, ಒಳಗೆ ಹುಲ್ಲು ಹಾಸಿ, ನಾಯಿಗಳ ಸದ್ದಿನಿಂದ ದೂರ ಕೂರಿಸಬೇಕು. ಅದರ ತೂಕ, ಕೊನೆಯ ಸಲ ತಿಂದ ಹೊತ್ತು, ಹಿಂದಿನ ದಿನದ ಒಂದು ಹಿಡಿ ಹಿಕ್ಕೆ, ಅದುವರೆಗೆ ಕುಡಿಸಿದ ಅಥವಾ ಹಚ್ಚಿದ ಔಷಧದ ಬಾಟಲಿ, ಈ ನಾಲ್ಕನ್ನು ವೈದ್ಯರ ಮುಂದಿಡಬೇಕು. ಮನೆಮದ್ದು ಮಾಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು.